ದುಬೈ ಶಾಲೆಗೆ ಅರ್ಜಿ ಹಾಕುವ ಶಿಕ್ಷಕರು ಮೊದಲು ಮಾಡಬೇಕಾದದ್ದು

ದುಬೈಯ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಕೆಲಸ ಹುಡುಕುತ್ತಿರುವ ಶಿಕ್ಷಕ ಮಿತ್ರರೇ, ಸಂದರ್ಶನಕ್ಕೂ ಮುಂಚೆ ಪದವಿ ಮತ್ತು ಬಿ.ಇಡಿ. ಪ್ರಮಾಣಪತ್ರಗಳ ದೃಢೀಕರಣಕ್ಕೆ ಕೈ ಹಾಕಿ. ದುಬೈ ಇರುವ ಯುಎಇ ದೇಶವು ಹೇಗ್ ಅಪೋಸ್ಟಿಲ್ ಒಪ್ಪಂದದಲ್ಲಿಲ್ಲ (ಅಪೋಸ್ಟಿಲ್ ಎಂದರೆ ಈ ಒಪ್ಪಂದದ ದೇಶಗಳು ಪರಸ್ಪರರ ದಾಖಲೆಗಳನ್ನು ಒಪ್ಪಲು ಹಾಕುವ ಒಂದೇ ಸರ್ಕಾರಿ ಮುದ್ರೆ), ಹಾಗಾಗಿ ಅಪೋಸ್ಟಿಲ್ ಮುದ್ರೆಯೊಂದೇ ಸಾಲದು. ರಾಜ್ಯ ಮಟ್ಟದ ದೃಢೀಕರಣ, ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ: ಇಷ್ಟು ಮೆಟ್ಟಿಲು. ಅಂಕಪಟ್ಟಿಯ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಇನಿಷಿಯಲ್ ವ್ಯತ್ಯಾಸವಿದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನಮ್ಮ ಕಡೆಯವರಿಗೆ ಹೆಚ್ಚಾಗಿ ತೊಡಕಾಗುವುದು ಇದೇ.

ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ತೆರೆಯುತ್ತಾ ಬಂದಿವೆ. ಬ್ರಿಟಿಷ್ ಹಾಗೂ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ) ಶಾಲೆಗಳು ಆಗಸ್ಟ್ ಕೊನೆಯಲ್ಲಿ. ಅದಕ್ಕೆ ಹಲವು ತಿಂಗಳು ಮುಂಚೆಯೇ ಅರ್ಜಿ ಹಾಕಿ.

ನೇಮಕಾತಿಗೆಂದು ನಿಮ್ಮಿಂದ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ. ಅಲ್ಲಿನ ಕಾನೂನಿನಲ್ಲಿ ಆ ಖರ್ಚು ಉದ್ಯೋಗದಾತರದ್ದು. ಪ್ರವಾಸಿ ವೀಸಾದಲ್ಲಿ ಬಂದು ಕೆಲಸ ಶುರುಮಾಡಿ ಎಂದರೂ ಒಪ್ಪಬೇಡಿ.

ಸಂಬಳದ ಅಂಕಿ ನೋಡಿ ಮರುಳಾಗದೆ, ವಸತಿ, ವಿಮೆ, ವರ್ಷಕ್ಕೊಮ್ಮೆ ಊರಿನ ಟಿಕೆಟ್, ಮಕ್ಕಳ ಶುಲ್ಕದ ರಿಯಾಯಿತಿ ಒಪ್ಪಂದದಲ್ಲಿ ಬರೆದಿದೆಯೇ ಎಂದು ಕೇಳಿ. ಶಾಲೆ ವಸತಿ ಕೊಡದಿದ್ದರೆ ವರ್ಷದ ಬಾಡಿಗೆಯನ್ನು ಮುಂದಿನ ದಿನಾಂಕ ಬರೆದ ಕೆಲವೇ ಚೆಕ್‌ಗಳಲ್ಲಿ ಕಟ್ಟುವುದು ಅಲ್ಲಿನ ರೂಢಿ. ಮೊದಲ ಕಂತಿನ ಹಣ ಕೈಯಲ್ಲಿರಲಿ.

ಒಂದೇ ತರಗತಿಯಲ್ಲಿ ಹತ್ತಾರು ದೇಶಗಳ ಮಕ್ಕಳಿರುತ್ತಾರೆ. ಮೊದಲ ವಾರವೇ ಅವರ ಹೆಸರುಗಳ ಸರಿಯಾದ ಉಚ್ಚಾರಣೆಯನ್ನು ಅವರಿಂದಲೇ ಕೇಳಿ ಕಲಿಯಿರಿ. ರಂಜಾನ್‌ನಲ್ಲಿ ಶಾಲೆಯ ಅವಧಿ ಕಡಿಮೆಯಾಗುತ್ತದೆ, ಪಾಠದ ಯೋಜನೆಯನ್ನು ಅದಕ್ಕೆ ತಕ್ಕಂತೆ ಮೊದಲೇ ಹೊಂದಿಸಿಕೊಳ್ಳಿ.