ಕಾಡು ನಂಬಿದ ಊರುಗಳ ಹವಾಮಾನ ಹೊಂದಾಣಿಕೆ: ಕ್ಷೇತ್ರ ಅಧ್ಯಯನ ಮಾಡುವ ಬಗೆ

ಕಾಡಂಚಿನ ಊರಿಗೆ ಹೋಗಿ "ಹವಾಮಾನ ಬದಲಾಗಿದೆಯಾ?" ಎಂದು ಕೇಳಿದರೆ ಬಹುತೇಕ ಎಲ್ಲರೂ "ಹೌದು" ಎನ್ನುತ್ತಾರೆ. ಕೇಳಿದವರಿಗೆ ಯಾವ ಉತ್ತರ ಬೇಕು ಎಂಬುದು ಪ್ರಶ್ನೆಯಲ್ಲೇ ಕಾಣುತ್ತಿರುತ್ತದೆ. ಆ "ಹೌದು"ಗಳನ್ನು ಎಣಿಸಿ ಶೇಕಡಾವಾರು ಕೊಟ್ಟರೆ ವರದಿ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಜನ ಏನು ಮಾಡಿದರು ಎಂದು ಕೇಳಿ: ಯಾವ ಸಸಿ ನೆಟ್ಟರು, ಯಾವಾಗ ಕಡಿದರು, ಯಾವ ಉತ್ಪನ್ನ ತರುವುದನ್ನು ಬಿಟ್ಟರು, ಮನೆಯಲ್ಲಿ ಯಾರು ಹೊರಗೆ ದುಡಿಯಲು ಹೋದರು, ಯಾಕೆ. ಅಧ್ಯಯನ ನಿಲ್ಲಬೇಕಾದದ್ದು ಈ ತೀರ್ಮಾನಗಳ ಮೇಲೆ.

ಯಾವ ಸಮುದಾಯ, ಯಾವ ತೀರ್ಮಾನ

"ಅರಣ್ಯ ಸಮುದಾಯ" ಎಂಬ ಒಂದೇ ಹೆಸರಿನಡಿ ಕನಿಷ್ಠ ಮೂರು ಬಗೆಯ ಜನರಿದ್ದಾರೆ: ಸ್ವಂತ ಭೂಮಿಯಲ್ಲಿ ಮರ ಬೆಳೆಸುವವರು, ಮರದ ಕಾರ್ಖಾನೆಯ ಕೂಲಿ ನಂಬಿದ ಪಟ್ಟಣದವರು, ಸಾರ್ವಜನಿಕ ಕಾಡಿನಿಂದ ಸೌದೆ, ಜೇನು, ಅಣಬೆ, ಅಂಟು ತರುವವರು. ಮೂವರಿಗೂ ಒಂದೇ ಪ್ರಶ್ನಾವಳಿ ಕೊಟ್ಟರೆ ಅರ್ಧ ಪ್ರಶ್ನೆಗಳು ಯಾರಿಗೋ ಒಬ್ಬರಿಗೆ ಅಸಂಬದ್ಧವಾಗುತ್ತವೆ.

ಅರಣ್ಯಕ್ಕೆ ಇರುವ ವಿಶೇಷ ಕಷ್ಟವೆಂದರೆ ಕಾಲ. ರೈತ ಮುಂದಿನ ಹಂಗಾಮಿಗೇ ಬೆಳೆ ಬದಲಿಸಬಹುದು. ಶೀತ ಪ್ರದೇಶಗಳಲ್ಲಿ ನೆಟ್ಟ ಮರ ಕಡಿತಕ್ಕೆ ಬರಲು 60ರಿಂದ 100 ವರ್ಷ ಬೇಕು. ಇಂದಿನ ತೀರ್ಮಾನದ ಫಲ ಮೊಮ್ಮಕ್ಕಳ ಕಾಲಕ್ಕೆ ಸಿಗುವುದರಿಂದ, ಏನನ್ನೂ ಬದಲಿಸದಿರುವುದೂ ಒಂದು ತೀರ್ಮಾನವೇ. ಅದನ್ನೂ ದಾಖಲಿಸಿ.

2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನ ಮೀಟರಿನಷ್ಟು ಮರ ಉರುಳಿಸಿತು. ಬಿದ್ದದ್ದರಲ್ಲಿ ಹೆಚ್ಚಿನವು ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳು. ಆದರೂ ಬಹಳಷ್ಟು ಮಾಲೀಕರು ಮತ್ತೆ ಸ್ಪ್ರೂಸನ್ನೇ ನೆಟ್ಟರು. "ತಿಳಿವಳಿಕೆ ಸಾಲದು" ಎಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಪೈನ್ ಮತ್ತು ಅಗಲ ಎಲೆಯ ಸಸಿಗಳನ್ನು ಜಿಂಕೆ, ಮೂಸ್‌ಗಳು ಮೇಯುತ್ತವೆ, ಸ್ಪ್ರೂಸನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕೊಳ್ಳುವವರೂ ಇದ್ದಾರೆ, ಬೆಳೆಸಿ ರೂಢಿಯೂ ಇದೆ. ಗಾಳಿಯ ಭಯ ಒಂದು ಕಡೆ, ಇಷ್ಟೂ ಕಾರಣಗಳು ಇನ್ನೊಂದು ಕಡೆ. ಈ ತಕ್ಕಡಿ ಎತ್ತ ವಾಲಿತು, ಯಾಕೆ ವಾಲಿತು ಎಂದು ಕಂಡುಹಿಡಿಯುವುದೇ ಸಮಾಜವಿಜ್ಞಾನದ ಕೆಲಸ.

ಹೊರಡುವ ಮುನ್ನ

ಚೌಕಟ್ಟು ಒಂದನ್ನೇ ಹಿಡಿಯಿರಿ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿಯಾದ ಐಪಿಸಿಸಿಯ 2007ರ ವರದಿಯಲ್ಲಿ ದುರ್ಬಲತೆ ಎಂದರೆ ಒಡ್ಡಿಕೆ (ಹೊಡೆತಕ್ಕೆ ಎಷ್ಟು ಎದುರಾಗಿದ್ದಾರೆ), ಸೂಕ್ಷ್ಮತೆ (ಎದುರಾದರೆ ಎಷ್ಟು ನಲುಗುತ್ತಾರೆ), ಹೊಂದಾಣಿಕೆಯ ಸಾಮರ್ಥ್ಯ ಮೂರೂ ಸೇರಿದ್ದು. 2014ರ ವರದಿಯಲ್ಲಿ ಕೇಂದ್ರಕ್ಕೆ ಬಂದದ್ದು ಅಪಾಯ. ಅಲ್ಲಿ ಒಡ್ಡಿಕೆ ದುರ್ಬಲತೆಯ ಭಾಗವಲ್ಲ, ಅದರ ಪಕ್ಕದಲ್ಲಿ ನಿಲ್ಲುವ ಬೇರೆ ಅಂಶ. ಎರಡನ್ನೂ ಬೆರೆಸಿ ಸೂಚ್ಯಂಕ ಕಟ್ಟಿದರೆ ಒಂದೇ ಸಂಗತಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇದು ತೀರಾ ಸಾಮಾನ್ಯವಾಗಿ ಕಾಣುವ ತಪ್ಪು.

ಆ ಪ್ರದೇಶದ ಕನಿಷ್ಠ 30 ವರ್ಷಗಳ ಮಳೆ ಮತ್ತು ಉಷ್ಣಾಂಶದ ದಾಖಲೆ ಕೈಯಲ್ಲಿರಲಿ. ಹತ್ತಿರ ಮಾಪನ ಕೇಂದ್ರವಿಲ್ಲದಿದ್ದರೆ ಇಡೀ ಜಗತ್ತಿನ ಹವಾಮಾನವನ್ನು ಚೌಕ ಚೌಕವಾಗಿ ಲೆಕ್ಕ ಹಾಕಿಟ್ಟ ದತ್ತಾಂಶ ಇಆರ್‌ಎ5 ಇದೆ, 1940ರಿಂದ ಲೆಕ್ಕ ಸಿಗುತ್ತದೆ, ಒಂದು ಚೌಕ ಸುಮಾರು 31 ಕಿಲೋಮೀಟರ್. ಮಳೆಗಷ್ಟೇ ಆದರೆ ಉಪಗ್ರಹ ಮತ್ತು ಮಾಪನ ಕೇಂದ್ರಗಳ ಲೆಕ್ಕ ಸೇರಿಸಿದ ಚಿರ್ಪ್ಸ್ ದತ್ತಾಂಶ ಇದೆ, 1981ರಿಂದ, ಚೌಕ ಸುಮಾರು 5 ಕಿಲೋಮೀಟರ್, ಆದರೆ ಅದರ ಎರಡನೇ ಆವೃತ್ತಿ 50 ಡಿಗ್ರಿ, ಮೂರನೆಯದು 60 ಡಿಗ್ರಿ ಅಕ್ಷಾಂಶದಾಚೆ ಸಿಗುವುದಿಲ್ಲ. ಗುಡ್ಡಗಾಡಿನಲ್ಲಿ 31 ಕಿಲೋಮೀಟರಿನ ಚೌಕವೊಂದು ಕಣಿವೆಯನ್ನೂ ಶಿಖರವನ್ನೂ ಸರಾಸರಿ ಮಾಡಿಬಿಡುತ್ತದೆ. ಊರಿನವರ ಮಾತು ಇಂಥ ದಾಖಲೆಗೆ ಹೊಂದದಿದ್ದರೆ ತಪ್ಪು ಅವರದ್ದೇ ಎಂದು ತೀರ್ಪು ಕೊಡಬೇಡಿ. ಅವರು ಹೇಳುತ್ತಿರುವುದು ವರ್ಷದ ಒಟ್ಟು ಮಳೆಯ ಬಗ್ಗೆ ಅಲ್ಲದೆ ಮೊದಲ ಮಳೆ ತಡವಾದದ್ದರ ಬಗ್ಗೆಯೋ ನಡುವೆ ಬಿಡುವು ಉದ್ದವಾದದ್ದರ ಬಗ್ಗೆಯೋ ಇರಬಹುದು. ಒಟ್ಟು ಮೊತ್ತದ ಜೊತೆ ಮಳೆ ಶುರುವಾದ ದಿನ ಮತ್ತು ಒಣ ದಿನಗಳ ಸಾಲನ್ನೂ ಲೆಕ್ಕ ಹಾಕಿಟ್ಟುಕೊಳ್ಳಿ.

ಊರು, ಮನೆಗಳ ಆಯ್ಕೆ

ರಸ್ತೆಗೆ ಹತ್ತಿರವಿರುವ, ಸಂಸ್ಥೆಗಳು ಈಗಾಗಲೇ ಕೆಲಸ ಮಾಡಿರುವ ಊರನ್ನು ಆರಿಸುವ ಆಸೆ ಬಂದೇ ಬರುತ್ತದೆ. ಅಂಥ ಊರಿನವರಿಗೆ ಸಂದರ್ಶನದ ಭಾಷೆ ರೂಢಿಯಾಗಿರುತ್ತದೆ. ಎರಡು ಅಕ್ಷ ಇಟ್ಟುಕೊಳ್ಳಿ. ಒಂದು, ಹವಾಮಾನದ ಹೊಡೆತ ಹೆಚ್ಚೋ ಕಡಿಮೆಯೋ. ಇನ್ನೊಂದು, ಕಾಡಿನ ಮೇಲಿನ ಹಕ್ಕು ಗಟ್ಟಿಯೋ ಸಡಿಲವೋ. ನಾಲ್ಕು ಕೋಣೆಗಳಾಗುತ್ತವೆ, ಒಂದೊಂದರಲ್ಲಿ ಎರಡು ಮೂರು ಊರು ಸಾಕು. ಹಕ್ಕಿನ ಅಕ್ಷ ಬಿಡಲೇಬಾರದು. 50 ವರ್ಷ ಬಾಳುವ ಮರವನ್ನು, ನಾಳೆ ಯಾರದ್ದಾಗುತ್ತದೋ ತಿಳಿಯದ ನೆಲದಲ್ಲಿ ಯಾರೂ ನೆಡುವುದಿಲ್ಲ. ಹಂಚಿಕೊಂಡ ಸಂಪನ್ಮೂಲವನ್ನು ಜನ ತಾವೇ ಕಟ್ಟಿದ ನಿಯಮಗಳಿಂದ ಕಾಪಾಡಿಕೊಳ್ಳಬಲ್ಲರು ಎಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಮ್ 1992ರಲ್ಲಿ ಶುರುಮಾಡಿದ ಅರಣ್ಯ ಸಂಶೋಧನಾ ಜಾಲ ಕಾಡಿನ ಅಳತೆಯನ್ನೂ ಊರಿನ ನಿಯಮಗಳನ್ನೂ ಒಟ್ಟಿಗೇ ದಾಖಲಿಸುವುದು ಇದೇ ಕಾರಣಕ್ಕೆ.

ಮನೆಗಳ ಸಂಖ್ಯೆ: ಶೇ 95ರ ವಿಶ್ವಾಸ, ಶೇ 5ರ ದೋಷ ಎಂದರೆ ಮಾದರಿ ಗಾತ್ರದ ಸೂತ್ರ 384 ಮನೆ ಕೇಳುತ್ತದೆ. ಒಟ್ಟು 400 ಮನೆಗಳೇ ಇರುವಲ್ಲಿ ಸುಮಾರು 196 ಸಾಕು. ಆದರೆ ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುತ್ತವೆ. ಊರಿಗೆ 20 ಮನೆ ತೆಗೆದುಕೊಂಡು, ಊರೊಳಗಿನ ಹೋಲಿಕೆಯ ಗುಣಾಂಕ 0.05 ಎಂದಿಟ್ಟುಕೊಂಡರೂ ವಿನ್ಯಾಸ ಪರಿಣಾಮ (ಈ ಹೋಲಿಕೆಯಿಂದಾಗಿ ಎಷ್ಟು ಪಟ್ಟು ಹೆಚ್ಚು ಮನೆ ಬೇಕು ಎಂಬ ಲೆಕ್ಕ) 1.95 ಆಗುತ್ತದೆ. ಅಂದರೆ 200 ಮನೆ ಸುತ್ತಿದರೂ ಸಿಗುವುದು ಸುಮಾರು 100 ಮನೆಗಳಷ್ಟು ಮಾಹಿತಿ. ಊರಿಗೆ ಮನೆಗಳನ್ನು ಕಡಿಮೆ ಮಾಡಿ ಊರುಗಳನ್ನು ಹೆಚ್ಚಿಸುವುದೇ ಲಾಭ.

ಪಟ್ಟಿಯಲ್ಲಿ ಇಲ್ಲದವರ ಬಗ್ಗೆಯೂ ಯೋಚಿಸಿ. ತಾಳಲಾರದೆ ಊರು ಬಿಟ್ಟವರು ಮನೆಗಣತಿಯಲ್ಲಿ ಸಿಗುವುದಿಲ್ಲ. ಉಳಿದವರನ್ನಷ್ಟೇ ಕೇಳಿದರೆ ಹೊಂದಾಣಿಕೆ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಳೆದ 10 ವರ್ಷಗಳಲ್ಲಿ ಬಾಗಿಲು ಮುಚ್ಚಿದ ಮನೆಗಳ ಪಟ್ಟಿ ಮಾಡಿ, ನೆಂಟರ ಮೂಲಕ ಕೆಲವರನ್ನಾದರೂ ಫೋನಿನಲ್ಲಿ ಮಾತಾಡಿಸಿ.

ಕೇಳುವ ಬಗೆ

ಆದಾಯವನ್ನು ವರ್ಷಕ್ಕೊಮ್ಮೆ ಕೇಳಿದರೆ ಕಾಡಿನ ಸಣ್ಣಪುಟ್ಟ ಗಳಿಕೆ ಮರೆತೇಹೋಗುತ್ತದೆ. ಅಂತರರಾಷ್ಟ್ರೀಯ ಅರಣ್ಯ ಸಂಶೋಧನಾ ಸಂಸ್ಥೆ ಸಿಫೋರ್ 24 ದೇಶಗಳಲ್ಲಿ ಸುಮಾರು 8,000 ಮನೆಗಳನ್ನು ಅಧ್ಯಯನ ಮಾಡಿದಾಗ ಮೂರು ತಿಂಗಳಿಗೊಮ್ಮೆ ಹೋಗಿ, ಕಾಡಿನ ಉತ್ಪನ್ನಗಳ ಬಗ್ಗೆ ಹಿಂದಿನ ಒಂದು ತಿಂಗಳದ್ದನ್ನಷ್ಟೇ ಕೇಳಿತು. ಪರಿಸರದಿಂದ ಬರುವ ಪಾಲು ಮನೆಯ ಆದಾಯದ ಶೇ 28ರಷ್ಟು ಎಂದು ಹೊರಬಿದ್ದದ್ದು ಹೀಗೆ. ಮಾರುವುದಕ್ಕೆ ತಂದದ್ದನ್ನೂ ಮನೆಯಲ್ಲೇ ಬಳಸಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ. ಅಳತೆಯ ಬಗ್ಗೆಯೂ ಒಂದು ಮಾತು: "ಒಂದು ಹೊರೆ" ಎಂಬುದು ಮನೆಯಿಂದ ಮನೆಗೆ ಬೇರೆ, ಹಸಿ ಮರ ಒಣ ಮರಕ್ಕೂ ಬೇರೆ. ಪ್ರತಿ ಊರಿನಲ್ಲಿ, ಪ್ರತಿ ಸುತ್ತಿನಲ್ಲಿ ಹತ್ತು ಹೊರೆಗಳನ್ನಾದರೂ ತಕ್ಕಡಿಗೆ ಹಾಕಿ ಸರಾಸರಿ ತೆಗೆಯಿರಿ.

ಸಂದರ್ಶನದಲ್ಲಿ ಪ್ರಶ್ನೆಗಳ ಕ್ರಮವೇ ಎಲ್ಲ. ಮರ ಬೆಳೆಸುವವರ ಜೊತೆ ಮಾತು ಹೀಗೆ ಸಾಗಲಿ:

"ಕೊನೆಯ ಸಲ ಸಸಿ ನೆಟ್ಟದ್ದು ಎಲ್ಲಿ? ಯಾವ ಜಾತಿ?"
"ಅದೇ ಜಾಗದಲ್ಲಿ ಅದಕ್ಕೂ ಮೊದಲು ಏನಿತ್ತು?"
"ಬೇರೆ ಯಾವುದನ್ನಾದರೂ ನೆಡುವ ಯೋಚನೆ ಇತ್ತಾ? ಅದನ್ನು ಯಾಕೆ ಬಿಟ್ಟಿರಿ?"
"ಯಾರ ಹತ್ತಿರ ಕೇಳಿದಿರಿ? ಸಸಿ ಎಲ್ಲಿಂದ ಬಂತು?"
"ಎಷ್ಟು ಉಳಿದವು? ಉಳಿಯದವು ಯಾಕೆ ಹೋದವು?"

ಇಲ್ಲಿವರೆಗೆ ಹವಾಮಾನ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಅವರಾಗಿಯೇ ಬರವನ್ನೋ ಕೀಟವನ್ನೋ ಬೆಂಕಿಯನ್ನೋ ಎತ್ತಿದರೆ ಎಷ್ಟನೇ ಪ್ರಶ್ನೆಗೆ ಎತ್ತಿದರು ಎಂದು ಗುರುತು ಹಾಕಿ. ಕೊನೆಯವರೆಗೂ ಎತ್ತದಿದ್ದರೆ ಆಗ ಕೇಳಿ. ಕೇಳಿದ ಮೇಲೆ ಬಂದ ಉತ್ತರಕ್ಕೂ ತಾನಾಗಿ ಬಂದ ಉತ್ತರಕ್ಕೂ ಬೇರೆ ಬೇರೆ ಗುರುತಿರಲಿ. ಈ ಒಂದು ಗುರುತು ಇಡೀ ವಿಶ್ಲೇಷಣೆಯ ಜೀವ.

ವರ್ಷಗಳ ನೆನಪು ನಂಬುವಂಥದ್ದಲ್ಲ. ದೊಡ್ಡ ಘಟನೆಗಳು ಇತ್ತೀಚೆಗೆ ಆದಂತೆ ಅನಿಸುತ್ತವೆ. ಮೊದಲು ಗುಂಪಿನಲ್ಲಿ ಊರಿನ ಕಾಲರೇಖೆ ಎಳೆಯಿರಿ: ಸೇತುವೆ ಕಟ್ಟಿದ್ದು, ಚುನಾವಣೆ, ಶಾಲೆ ಶುರುವಾದದ್ದು. ಬರ, ಬೆಂಕಿಯನ್ನು ಇವುಗಳ ಹಿಂದೆ ಮುಂದೆ ಕೂರಿಸಿದರೆ ವರ್ಷ ಸರಿಯಾಗಿ ಸಿಗುತ್ತದೆ. ಉಪಗ್ರಹದ ಬೆಂಕಿ ದಾಖಲೆ ಅಥವಾ 2000ದಿಂದ ಸಿಗುವ 30 ಮೀಟರಿನ ಅರಣ್ಯ ನಾಶದ ನಕ್ಷೆಯೊಂದಿಗೆ ತಾಳೆ ನೋಡಬಹುದು. ಗುಂಪಿನಲ್ಲಿ ಆರರಿಂದ ಎಂಟು ಮಂದಿ ಸಾಕು. ಹೆಂಗಸರಿಗೂ ಗಂಡಸರಿಗೂ, ಭೂಮಿ ಇದ್ದವರಿಗೂ ಇಲ್ಲದವರಿಗೂ ಬೇರೆ ಗುಂಪು ಮಾಡಿ. ಸೌದೆಗೆ ಈಗ ಎಷ್ಟು ದೂರ ನಡೆಯಬೇಕು ಎಂಬುದು ನಡೆಯುವವರಿಗೇ ಗೊತ್ತು, ಮಿಶ್ರ ಗುಂಪಿನಲ್ಲಿ ಅವರು ಬಾಯಿ ಬಿಡುವುದು ಕಡಿಮೆ.

ಒಪ್ಪಿಗೆ ಮತ್ತು ಗುಟ್ಟು

ಊರಿನ ಒಪ್ಪಿಗೆ ಬೇರೆ, ವ್ಯಕ್ತಿಯ ಒಪ್ಪಿಗೆ ಬೇರೆ, ಎರಡೂ ಬೇಕು. ಮೂಲನಿವಾಸಿಗಳಾದರೆ ಮುಕ್ತ, ಪೂರ್ವಭಾವಿ, ತಿಳಿದುಕೊಟ್ಟ ಒಪ್ಪಿಗೆಯನ್ನು 2007ರ ವಿಶ್ವಸಂಸ್ಥೆಯ ಘೋಷಣೆಯೇ ಎತ್ತಿಹಿಡಿದಿದೆ. ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ: ಹೊಂದಾಣಿಕೆಯ ಹಲವು ದಾರಿಗಳು ಕಾನೂನಿನ ಕಣ್ಣಿಗೆ ಅಪರಾಧ. ನಿಷೇಧಿತ ಜಾಗದಿಂದ ಮೇವು ತಂದದ್ದು, ಪರವಾನಗಿ ಇಲ್ಲದೆ ಕಡಿದದ್ದು ನಿಮ್ಮ ಪುಸ್ತಕದಲ್ಲಿ ಹೆಸರಿನ ಜೊತೆ ಇದ್ದರೆ ಅದು ಸಾಕ್ಷಿಯಾಗಬಹುದು. ಹೆಸರು ಮತ್ತು ಉತ್ತರಗಳನ್ನು ಬೇರೆ ಕಡತಗಳಲ್ಲಿಡಿ, ನಡುವೆ ಸಂಕೇತ ಸಂಖ್ಯೆ ಮಾತ್ರ ಇರಲಿ. ಜಿಪಿಎಸ್ ಅಂಕಿಗಳನ್ನು ಪ್ರಕಟಿಸುವಾಗ ದಶಮಾಂಶದ ಎರಡು ಸ್ಥಾನಕ್ಕೆ ಇಳಿಸಿದರೆ ಜಾಗ ಸುಮಾರು 1 ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಅಪರೂಪದ ಗಿಡ, ಪವಿತ್ರ ತಾಣಗಳನ್ನು ನಕ್ಷೆಯಿಂದ ಪೂರ್ತಿ ತೆಗೆಯಿರಿ.

ವಿಶ್ಲೇಷಣೆ

ಒಂದು ತೀರ್ಮಾನಕ್ಕೆ ಒಂದು ಸಾಲು ಎಂಬಂತೆ ಕೋಷ್ಟಕ ಮಾಡಿ. ಬಗೆಯ ಅಂಕಣದಲ್ಲಿ ಸ್ಥಳಾಂತರ, ದಾಸ್ತಾನು, ವೈವಿಧ್ಯ, ಸಾಮೂಹಿಕ ಹಂಚಿಕೆ, ಮಾರುಕಟ್ಟೆ ಎಂಬ ಐದು ವರ್ಗಗಳು ಸಾಕಾಗುತ್ತವೆ. ಕಾರಣದ ಅಂಕಣದಲ್ಲಿ ಹವಾಮಾನ ಮಾತ್ರ, ಹವಾಮಾನದ ಜೊತೆ ಬೇರೆ ಕಾರಣ, ಬೇರೆ ಕಾರಣ ಮಾತ್ರ. ನಡುವಿನ ಗುಂಪು ತುಂಬುತ್ತದೆ, ತುಂಬಬೇಕು ಕೂಡ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1.8 ಕೋಟಿ ಹೆಕ್ಟೇರಿಗೂ ಹೆಚ್ಚು ಕಾಡಿಗೆ ತಗುಲಿದ ಪೈನ್ ದುಂಬಿಯ ಹಾವಳಿಗೆ ಚಳಿ ಕಡಿಮೆಯಾಗಿ ಮರಿಹುಳುಗಳು ಬದುಕುಳಿದದ್ದು ಒಂದು ಕಾರಣ, ದಶಕಗಳ ಕಾಲ ಬೆಂಕಿ ನಂದಿಸುತ್ತಾ ಬಂದು ಹಳೆಯ ಪೈನ್ ಮರಗಳು ರಾಶಿಯಾಗಿ ನಿಂತಿದ್ದು ಇನ್ನೊಂದು. ಸತ್ತ ಮರ ಕೊಳೆಯುವ ಮುನ್ನ ಕಡಿಯಲು ಕಡಿತದ ಮಿತಿ ಏರಿಸಿದರು. ಮುಂದೆ ಮರ ತೀರಿ ಕಾರ್ಖಾನೆಗಳು ಮುಚ್ಚತೊಡಗಿದವು. ಆ ಪಟ್ಟಣಗಳ ನಿರುದ್ಯೋಗವನ್ನು ಹವಾಮಾನದ ಖಾತೆಗಷ್ಟೇ ಬರೆದರೆ ನೀತಿಯ ಪಾಲು ಕಾಣದೆ ಹೋಗುತ್ತದೆ.

ಉತ್ತರಗಳನ್ನು ಈ ವರ್ಗಗಳಿಗೆ ಹಂಚಿ ಸಂಕೇತ ಹಾಕುವವರು ಇಬ್ಬರಿರಲಿ, ಐದನೇ ಒಂದು ಪಾಲನ್ನು ಇಬ್ಬರೂ ಬೇರೆ ಬೇರೆ ಕೂತು ಮಾಡಲಿ. ಇಬ್ಬರ ಸಂಕೇತಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕಪ್ಪಾ ಅಂಕ 0.6ಕ್ಕಿಂತ ಕೆಳಗಿದ್ದರೆ ವರ್ಗಗಳ ವ್ಯಾಖ್ಯೆ ತಿದ್ದಿ ಮತ್ತೆ ಮಾಡಿ.

"ಒಂದು ಮನೆ ಎಷ್ಟು ಕ್ರಮ ಕೈಗೊಂಡಿತು" ಎಂಬ ಎಣಿಕೆಯನ್ನು ಹೊಂದಾಣಿಕೆಯ ಅಳತೆಯಾಗಿ ಬಳಸಲೇಬೇಡಿ. ಬಡ ಮನೆ ಹತ್ತು ಚಿಲ್ಲರೆ ದಾರಿ ಹಿಡಿದಿರುತ್ತದೆ: ಆಡು ಮಾರಿತು, ಸಾಲ ಮಾಡಿತು, ಮಗಳನ್ನು ಶಾಲೆ ಬಿಡಿಸಿತು. ಶ್ರೀಮಂತ ಮನೆ ಒಂದು ವಿಮೆ ಮಾಡಿಸಿ ಸುಮ್ಮನಿರುತ್ತದೆ. ಎಣಿಸಿದರೆ ಬಡವರೇ ಹೆಚ್ಚು ಹೊಂದಿಕೊಂಡವರಾಗುತ್ತಾರೆ! ಅದರ ಬದಲು ಎರಡು ಅಂಕಣ ಸೇರಿಸಿ: ಮುಂದಿನ ಹೊಡೆತಕ್ಕೆ ಈ ಕ್ರಮ ಮನೆಯನ್ನು ಗಟ್ಟಿ ಮಾಡಿತೋ ಸಡಿಲ ಮಾಡಿತೋ, ಇದರ ಬೆಲೆ ತೆತ್ತವರು ಯಾರು. ಮೇಲಿನವರು ತೊರೆಯ ನೀರು ತಿರುಗಿಸಿಕೊಂಡು ಸಸಿ ಉಳಿಸಿದರೆ ಕೆಳಗಿನವರ ಬಾವಿ ಬತ್ತುತ್ತದೆ. ಅಂಥದ್ದನ್ನು ಹೊಂದಾಣಿಕೆಯ ಗೆಲುವು ಎಂದು ಬರೆಯಬಾರದು.

ಪ್ರಕಟಿಸುವ ಮುನ್ನ ಫಲಿತಾಂಶವನ್ನು ಊರಿನ ಭಾಷೆಯಲ್ಲಿ, ಬಾಯಿಮಾತಿನಲ್ಲಿ ಮುಂದಿಡಿ. ನಕ್ಷೆ, ಕಾಲರೇಖೆಗಳನ್ನು ಅವರು ತಿದ್ದಲಿ, ಒಪ್ಪದ್ದನ್ನು ಒಪ್ಪಲಿಲ್ಲವೆಂದೇ ವರದಿಯಲ್ಲಿ ನಮೂದಿಸಿ. ಮನೆಗಳ ಸಂಕೇತ ಪಟ್ಟಿಯನ್ನು ಬೀಗದಲ್ಲಿ ಉಳಿಸಿಕೊಳ್ಳುವುದಕ್ಕೂ ಅವರ ಒಪ್ಪಿಗೆ ಈಗಲೇ ಪಡೆಯಿರಿ. ಐದು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋದಾಗಲೇ ನೆಟ್ಟ ಸಸಿಗಳಲ್ಲಿ ಎಷ್ಟು ಮರವಾದವು, ಮಾಡಿದ ಸಾಲದಲ್ಲಿ ಎಷ್ಟು ತೀರಿತು ಎಂದು ಲೆಕ್ಕ ಸಿಗುವುದು.