ದೋಟಿ ಉದ್ದವಾದಷ್ಟೂ ಗುರಿ ತಪ್ಪುತ್ತದೆ: ನಕ್ಷತ್ರ, ಸೂಪರ್‌ಕಂಡಕ್ಟರ್ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕುವುದು

ನಾನ್‌ಲೀನಿಯರ್ ಸಮೀಕರಣ ಅಂದ ಕೂಡಲೇ ದೊಡ್ಡ ಕಂಪ್ಯೂಟರ್ ಬೇಕು ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ನಮ್ಮ ಪೆರ್ಲದ ಕಡೆ ಕರೆಂಟು ಹೋದ ಮೇಲೆ ಉಳಿಯುವ ಬ್ಯಾಟರಿಯಲ್ಲೇ ಈ ಎರಡೂ ಲೆಕ್ಕ ಮುಗಿಯುತ್ತದೆ. ಪೈಥಾನ್ ಭಾಷೆ, ಅದರ ಲೆಕ್ಕದ ಲೈಬ್ರರಿಗಳಾದ ನಂಪೈ, ಸೈಪೈ ಇದ್ದರೆ ಸಾಕು.

ಮೊದಲು ನಕ್ಷತ್ರ. ತನ್ನದೇ ಭಾರಕ್ಕೆ ಕುಸಿಯದೆ ನಿಂತ ಅನಿಲದ ಉಂಡೆಯಲ್ಲಿ, ನಡುವಿನಿಂದ ಹೊರಗೆ ಹೋದ ಹಾಗೆ ಸಾಂದ್ರತೆ ಹೇಗೆ ಇಳಿಯುತ್ತದೆ ಅಂತ ಲೇನ್-ಎಮ್ಡನ್ ಸಮೀಕರಣ ಹೇಳುತ್ತದೆ. ಲೆಕ್ಕ ಹಾಕುವ ಸಂಖ್ಯೆಗೆ ತೀಟಾ ಅನ್ನುತ್ತಾರೆ, ಅದು ನಡುವಿನಲ್ಲಿ 1, ಮೇಲ್ಮೈಯಲ್ಲಿ ಸೊನ್ನೆ. ಸಮೀಕರಣದಲ್ಲಿ ಅದನ್ನು ಏರಿಸುವ ಘಾತಕ್ಕೆ ಎನ್ ಅನ್ನುತ್ತಾರೆ, ಅದನ್ನು ನಾವೇ ಆರಿಸಿ ಇಡಬೇಕು. ನಡುವಿನಲ್ಲಿ ಬೆಲೆಯೂ ಗೊತ್ತು, ಇಳಿಜಾರೂ ಗೊತ್ತು. ಹಾಗಾಗಿ ಅಲ್ಲಿಂದ ಹೆಜ್ಜೆ ಹಾಕುತ್ತಾ ಹೊರಗೆ ಬಂದರಾಯ್ತು.

ಆದರೆ ಸೊನ್ನೆಯಿಂದಲೇ ಹೊರಡಬೇಡಿ. ಸಮೀಕರಣದಲ್ಲಿ 2ನ್ನು ದೂರದಿಂದ ಭಾಗಿಸುವ ಒಂದು ಪದ ಇದೆ, ಅಲ್ಲೇ ಎಡವುತ್ತೀರಿ. ದೂರ 0.001 ಇಟ್ಟುಕೊಳ್ಳಿ; ತೀಟಾ ಅಂದರೆ 1ರಲ್ಲಿ ದೂರದ ವರ್ಗದ ಆರನೇ ಒಂದು ಪಾಲು ಕಳೆದದ್ದು, ಇಳಿಜಾರು ಅಂದರೆ ದೂರದ ಮೂರನೇ ಒಂದು ಪಾಲು, ಮೈನಸ್ ಹಾಕಿ. ಇನ್ನೊಂದು ಗುಂಡಿ ಮೇಲ್ಮೈಯಲ್ಲಿದೆ. ಎನ್ 1.5 ಇದ್ದಾಗ ತೀಟಾ ಚೂರೇ ಚೂರು ಮೈನಸ್ ಆದರೂ ನಂಪೈ 'ನ್ಯಾನ್' (ಸಂಖ್ಯೆಯೇ ಅಲ್ಲ) ಅಂತ ಕೊಟ್ಟು ಉಳಿದದ್ದನ್ನೆಲ್ಲ ಕೆಡಿಸುತ್ತದೆ, ನಾನು ಒಂದು ಸಂಜೆಯಿಡೀ ತಪ್ಪನ್ನು ಬೇರೆಲ್ಲೋ ಹುಡುಕಿದ್ದೆ. ತೀಟಾ ಮೈನಸ್ ಆದರೆ ಘಾತಕ್ಕೆ ಏರಿಸುವ ಮೊದಲು ಸೊನ್ನೆ ಮಾಡಿ. ಅಷ್ಟೇ.

ಸರಿ ಬಂತಾ ಅಂತ ನೋಡಲು ಎನ್ 1 ಇಡಿ, ಮೇಲ್ಮೈ 3.1416ಕ್ಕೆ ಬರಬೇಕು, ಪೈ ಅಲ್ವಾ. ಆಮೇಲೆ 3 ಇಡಿ. 6.897 ಬಂದರೆ ನಿಮ್ಮ ಕೈಯಲ್ಲಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಸೂರ್ಯನಿಗೆ ಬಳಸಿದ ಮಾದರಿ ಇದೆ. ಅದರ ನಡುವಿನ ಸಾಂದ್ರತೆ ಸರಾಸರಿಗಿಂತ 54 ಪಟ್ಟು ಜಾಸ್ತಿ. ಎನ್ 5 ಇಡುವುದಾದರೆ ದೂರಕ್ಕೊಂದು ಮಿತಿ ಹಾಕಿ, ಅದಕ್ಕೆ ಮೇಲ್ಮೈಯೇ ಇಲ್ಲ.

ಇನ್ನು ಸೂಪರ್‌ಕಂಡಕ್ಟರ್, ಅಂದರೆ ತಡೆಯೇ ಇಲ್ಲದೆ ಕರೆಂಟು ಹರಿಸುವ ವಸ್ತು. ಅದರೊಳಗೆ ಆ ಗುಣ ಎಲ್ಲೆಲ್ಲಿ ಎಷ್ಟು ಗಟ್ಟಿ ಅಂತ ಹೇಳುವ ಸಂಖ್ಯೆಗೆ ಎಫ್ ಅನ್ನೋಣ. 1950ರಲ್ಲಿ ಗಿಂಜ್‌ಬರ್ಗ್, ಲ್ಯಾಂಡೌ ಕೊಟ್ಟ ಸಮೀಕರಣದ ಸುಲಭದ ರೂಪ ತಗೊಳ್ಳಿ, ಕಾಂತಕ್ಷೇತ್ರ ಸದ್ಯಕ್ಕೆ ಬೇಡ: ಎಫ್‌ನ ಎರಡನೇ ಡೆರಿವೇಟಿವ್ ಅಂದರೆ ಎಫ್‌ನ ಘನದಲ್ಲಿ ಎಫ್ ಕಳೆದದ್ದು. ಅಂಚಿನಲ್ಲಿ ಎಫ್ ಸೊನ್ನೆ, ಒಳಗೆ ದೂರದಲ್ಲಿ 1. ನೋಡಲು ಮೊದಲನೆಯದರ ತಮ್ಮನ ಹಾಗೇ ಇದೆ. ಆದರೆ ಇಲ್ಲಿ ಅಂಚಿನ ಇಳಿಜಾರು ಗೊತ್ತಿಲ್ಲ.

ಅಂದಾಜು ಮಾಡಿ ಹೊರಟರೆ ಏನಾಗುತ್ತದೆ? ಉದ್ದದ ದೋಟಿಯಲ್ಲಿ ಅಡಿಕೆ ಗೊನೆ ತೆಗೆದವರಿಗೆ ಗೊತ್ತು, ಕೆಳಗೆ ಕೈ ಚೂರು ಅಲುಗಿದರೆ ಮೇಲೆ ತುದಿ ಪಕ್ಕದ ಮರದಲ್ಲಿರುತ್ತದೆ. ಇಳಿಜಾರು 0.7072 ಕೊಟ್ಟರೆ ಎಫ್ ಮೇಲಕ್ಕೆ ಹಾರಿಹೋಗುತ್ತದೆ, 0.7071 ಕೊಟ್ಟರೆ ವಾಪಸ್ ಬಗ್ಗುತ್ತದೆ. 10 ಅಳತೆ ದೂರ ಹೋಗುವಷ್ಟರಲ್ಲಿ ತಪ್ಪು ಲಕ್ಷ ಪಟ್ಟು ದಾಟಿರುತ್ತದೆ. ಸುಮ್ನೆ ಹೆಣಗಬೇಡಿ.

ಎರಡೂ ತುದಿ ಹಿಡಿದುಕೊಳ್ಳಿ. 20 ಅಳತೆ ಉದ್ದವನ್ನು 400 ಪಾಲು ಮಾಡಿ, ಪ್ರತಿ ಬಿಂದುವಿಗೂ ಅಕ್ಕಪಕ್ಕದ ಎರಡು ಬಿಂದು ಸೇರಿಸಿ ಸಮೀಕರಣ ಬರೆದು, ನ್ಯೂಟನ್ ವಿಧಾನದಲ್ಲಿ ಎಲ್ಲವನ್ನೂ ಒಟ್ಟಿಗೆ ತಿದ್ದಿ. ಮೊದಲ ಊಹೆಗೆ ಅಂಚು ಬಿಟ್ಟು ಎಲ್ಲ ಕಡೆ 1 ಇಡಿ. ಓರೆ ಗೆರೆ ಎಳೆದು ಶುರು ಮಾಡಿದರೆ ಅದು ಬೇರೆ ಯಾವುದೋ ಉತ್ತರಕ್ಕೆ ಹೋಗಿ ಕೂರಬಹುದು. ಬಂದದ್ದನ್ನು ದೂರ ಭಾಗಿಸು ರೂಟ್ 2ರ ಟ್ಯಾನ್‌ಎಚ್ (ನಂಪೈಯಲ್ಲೇ ಇರುವ ಫಂಕ್ಷನ್) ಜೊತೆ ಹೋಲಿಸಿ, ಈ ಸಮೀಕರಣದ ನಿಖರ ಉತ್ತರ ಅದೇ. ಪಾಲು 800 ಮಾಡಿದಾಗ ವ್ಯತ್ಯಾಸ ಕಾಲು ಭಾಗಕ್ಕೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ತುದಿಯ ಎರಡು ಸಾಲು ತೆರೆದು ನೋಡಿ, ನನ್ನ ತಪ್ಪೆಲ್ಲ ಹೆಚ್ಚಾಗಿ ಅಲ್ಲೇ ಸಿಕ್ಕಿದ್ದು.