ಕೀಬೋರ್ಡಿಗೆ ಬಿದ್ದ ಪುನರ್ಪುಳಿ ಶರಬತ್ತು

ಪೆರ್ಲದ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಮದುವೆ ಕಾಗದ, ತಾಳಮದ್ದಳೆಯ ಹ್ಯಾಂಡ್‌ಬಿಲ್, ಬ್ರಹ್ಮಕಲಶದ ಆಮಂತ್ರಣ, ಹೀಗೆ. ಆಟಿ ತಿಂಗಳಲ್ಲಿ ಅಕ್ಕನ ಮಗನ ಕೈತಾಗಿ ಒಂದು ಲೋಟ ಪುನರ್ಪುಳಿ (ಕೋಕಂ) ಶರಬತ್ತು, ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುವ ನನ್ನ ಮೆಕ್ಯಾನಿಕಲ್ ಕೀಬೋರ್ಡಿನ ಮೇಲೆ ಹೋಯಿತು. ಬರೀ ನೀರಾಗಿದ್ದರೆ ಒಣಗಿಸಿದರೆ ಸಾಕಿತ್ತು. ಇದರಲ್ಲಿ ಹುಳಿಯೂ ಇದೆ, ಸಕ್ಕರೆಯೂ ಇದೆ. ಹುಳಿ ಲೋಹವನ್ನು ತಿನ್ನುತ್ತದೆ, ಸಕ್ಕರೆ ಒಣಗಿ ಅಂಟಾಗುತ್ತದೆ.

ತಕ್ಷಣ ಯುಎಸ್‌ಬಿ ವೈರ್ ಕಿತ್ತೆ. ಒದ್ದೆಯಲ್ಲಿ ಕರೆಂಟು ಹರಿಯುತ್ತಿದ್ದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಬೇಗ ಹಸಿರುಗಟ್ಟುತ್ತದೆ. ವೈರ್‌ಲೆಸ್ ಆದರೆ ಒಳಗಿನ ಬ್ಯಾಟರಿಯನ್ನೂ ಬಿಡಿಸಬೇಕು. ಆಮೇಲೆ ಬೋರಲು ಹಾಕಿ ನೀರಿಳಿಸಿದೆ. ಮೊಬೈಲಲ್ಲಿ ಒಂದು ಫೋಟೋ ತೆಗೆದು ಕೀಕ್ಯಾಪ್‌ಗಳನ್ನೆಲ್ಲ (ಕೀಗಳ ಮೇಲಿನ ಅಕ್ಷರದ ಟೊಪ್ಪಿಗಳು) ಕಿತ್ತು, ಸೋಪು ಹಾಕಿದ ಉಗುರುಬೆಚ್ಚಗಿನ ನೀರಿಗೆ ಹಾಕಿದೆ. ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದೀತು.

ಇನ್ನು ಬೋರ್ಡ್. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರಾಯಿತು ಅಂತ ಎಲ್ಲರೂ ಹೇಳ್ತಾರೆ, ಅಲ್ವಾ? ಸಕ್ಕರೆ ಅದರಲ್ಲಿ ಕರಗುವುದೇ ಇಲ್ಲ. ಮೇಲಿಂದ ಒಣಗಿದ ಹಾಗೆ ಕಾಣುತ್ತದೆ, ಅಂಟು ಒಳಗೇ ಇರುತ್ತದೆ. ಸಕ್ಕರೆಗೆ ನೀರೇ ಬೇಕು. ಬಾವಿ ನೀರು ಆರಿದ ಮೇಲೆ ಲವಣ ಉಳಿಯುತ್ತದೆ. ಅದಕ್ಕೆ ಬದಿಯಡ್ಕದ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ಕೇಳುವಾಗ ಬ್ಯಾಟರಿ ನೀರು ಅಂತ ಸರಿಯಾಗಿ ಹೇಳಿ, ಆಸಿಡ್ ಕ್ಯಾನೂ ಅಲ್ಲೇ ಪಕ್ಕದಲ್ಲಿರುತ್ತದೆ!

ನನ್ನದು ಹಾಟ್‌ಸ್ವ್ಯಾಪ್ ಬೋರ್ಡ್, ಅಂದರೆ ಸ್ವಿಚ್‌ಗಳು ಸಾಕೆಟ್‌ಗಳಲ್ಲಿ ಸುಮ್ಮನೆ ಕೂತಿರುತ್ತವೆ, ಬೆಸುಗೆ ಬಿಡಿಸುವ ಕೆಲಸವಿಲ್ಲ. ಸ್ವಿಚ್‌ಗಳನ್ನು ಎಳೆದು ತೆಗೆದು, ಬೋರ್ಡನ್ನು ಆ ನೀರು ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ತೊಳೆದೆ. ಆಲ್ಕೋಹಾಲ್‌ನ ಸರದಿ ಇದಾದ ಮೇಲೆ. ಉಳಿದ ನೀರನ್ನು ಎಳೆದುಕೊಂಡು ಅದು ಬೇಗ ಆರಿಹೋಗುತ್ತದೆ. 99 ಶೇಕಡಾದ್ದೇ ಆಗಬೇಕು. ಸ್ಯಾನಿಟೈಸರ್ ಆಗದು, ಅದರಲ್ಲಿ ನೀರು ಇರುತ್ತದೆ, ಎಷ್ಟೋ ಸಲ ಗ್ಲಿಸರಿನ್ ಕೂಡ.

ಶರಬತ್ತು ಜಾಸ್ತಿ ಹೋಗಿದ್ದ ಕಡೆಯ ಸ್ವಿಚ್‌ಗಳನ್ನು ಬಿಚ್ಚಿದೆ. ಚಿಕ್ಕ ಸ್ಕ್ರೂಡ್ರೈವರ್‌ನಿಂದ ನಾಲ್ಕು ಕೊಕ್ಕೆ ಸಡಿಲಿಸಿದರೆ ಮುಚ್ಚಳ ಬರುತ್ತದೆ. ಒಳಗೆ ಸ್ಪ್ರಿಂಗ್, ಒತ್ತಿದಾಗ ಕೆಳಗಿಳಿಯುವ ಕಾಂಡ, ಮತ್ತೆ ಒಂದನ್ನೊಂದು ಮುಟ್ಟುವ ಎರಡು ತೆಳು ತಗಡು. ಆ ತಗಡುಗಳ ನಡುವೆ ಕೆಂಪು ಪಾಕ ನೂಲು ಎಳೆಯುತ್ತಿತ್ತು. ಅವಕ್ಕೂ ಮೊದಲು ನೀರು, ಆಮೇಲೆ ಆಲ್ಕೋಹಾಲ್. ತಗಡು ಬಗ್ಗಿದರೆ ಸ್ವಿಚ್ ಹೋಯಿತು ಅಂತಲೇ ಲೆಕ್ಕ, ಹಾಗಾಗಿ ಬ್ರಷ್ ತಾಗಿಸಲಿಲ್ಲ.

ಆಟಿಯ ಮಳೆಗೆ ಬಟ್ಟೆಯೇ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಡು ಅಂದರು ಅಮ್ಮ. ಮಸಿ, ಬಿಸಿ ಎರಡೂ ಬೇಡವೆಂದು ಫ್ಯಾನಿನ ಕೆಳಗೆ ಹರಡಿದೆ. ಅಕ್ಕಿ ಡಬ್ಬಿಗೂ ಹಾಕಲಿಲ್ಲ, ಸುಮ್ನೆ ಹಿಟ್ಟು ಮೆತ್ತಿಕೊಳ್ಳುತ್ತದೆ.

ಪೂರ್ತಿ ಒಣಗಿದ ಮೇಲೆ ಜೋಡಿಸಿ, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ತೆರೆದೆ. 'ಕಾಸರಗೋಡು' ಸರಿಯಾಗಿ ಬಂತು. 'ಕನ್ನಡ' ಹೊಡೆದರೆ 'ಕನನಡ'. ಒತ್ತಕ್ಷರ ಕೊಡುವ ಎಫ್ ಕೀ ಸತ್ತಿತ್ತು. ಅದರ ಸ್ವಿಚ್ ಕಿತ್ತು, ಸಾಕೆಟ್‌ನ ಎರಡು ತೂತುಗಳನ್ನು ಲೋಹದ ಚಿಮಟದಿಂದ ಒಂದಕ್ಕೊಂದು ಸೇರಿಸಿದೆ. ಒತ್ತು ಬಂತು! ಅಂದರೆ ಬೋರ್ಡ್ ಚೆನ್ನಾಗಿದೆ, ಕೆಟ್ಟದ್ದು ಸ್ವಿಚ್ ಮಾತ್ರ. ಸಾಲಿಗೆ ಸಾಲೇ ಸತ್ತಿದ್ದರೆ ಬೋರ್ಡಿನ ತಾಮ್ರದ ಗೆರೆ ತುಂಡಾಗಿದೆಯೋ ಅಂತ ಮಲ್ಟಿಮೀಟರ್ ಹಿಡಿದು ಹುಡುಕಬೇಕಿತ್ತು.

ಸ್ಕ್ರೋಲ್ ಲಾಕ್ ನಾನು ಮುಟ್ಟುವುದೇ ಇಲ್ಲ. ಅದರ ಸ್ವಿಚ್ಚನ್ನು ಎಫ್‌ಗೆ ಹಾಕಿ, ಕೆಟ್ಟದ್ದನ್ನು ಅಲ್ಲಿಗೆ ಕೂರಿಸಿದೆ. ಸ್ಪೇಸ್‌ಬಾರ್ ಓಲಾಡದಂತೆ ಹಿಡಿಯುವ ಸ್ಟೆಬಿಲೈಸರ್ ತೊಳೆದದ್ದಕ್ಕೆ ಗ್ರೀಸ್ ಹೋಗಿ ಗಡಗಡ ಅನ್ನುತ್ತಿದೆ. ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸ್ ತರಿಸಿದ್ದೇನೆ, ಬಂದ ಮೇಲೆ ಹಚ್ಚಬೇಕು.